ಹನ್ನೆರಡು ಮೈಲಿಯ ಆಚೆ ಈಚೆ

ಯಾವ ಬೋಟು ನಿಷೇಧವಿರುವ ಲೈಟ್ ಫಿಶಿಂಗಿಗೆ ಹೋಗಿ ಬಂದಿದೆ ಎಂದು ತಿಳಿಯಲು ಕಡಲಿಗೆ ಇಳಿಯಬೇಕಾಗಿಲ್ಲ, ಡೀಸೆಲ್ ಲೆಕ್ಕ ನೋಡಿದರೆ ಸಾಕು. ಕರಾವಳಿಯ ಬಂದರೊಂದರ ಡೀಸೆಲ್ ಬಂಕಿನಲ್ಲಿ ಬಹಳ ವರ್ಷ ಪುಸ್ತಕ ಬರೆದವನು ನಾನು. ರಾತ್ರಿ ಹೋಗಿ ಬೆಳಿಗ್ಗೆ ಬರುವ ಪರ್ಸಿನ್ ಬೋಟು ತನ್ನ ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ಕುಡಿದಿದ್ದರೆ, ಆ ಹೆಚ್ಚುವರಿ ಹೋದದ್ದು ಜನರೇಟರಿಗೆ. ಜನರೇಟರಿನ ಕರೆಂಟು ಹೋದದ್ದು ದೀಪಕ್ಕೆ. ಬೋಟು ನಡೆಸುವ ತಂಡೇಲ ಮಾತ್ರ ಮುಖದ ಗೆರೆ ಅಲುಗಿಸದೆ ಹೇಳುತ್ತಿದ್ದ: “ಗಾಳಿ ಎದುರಿಗಿತ್ತು ರೈಟರೇ.”

ಯಾರ ಮೇಲೂ ದೂರು ಕೊಡಲು ಇದನ್ನು ಬರೆಯುತ್ತಿಲ್ಲ. ನಿವೃತ್ತಿಯಾದ ಮೇಲೆ ತಲೆಗೆ ಹತ್ತಿದ ಪ್ರಶ್ನೆ ಬೇರೆ. ನಮ್ಮ ಕರಾವಳಿಯಲ್ಲಿ ಮೀನು ಹಿಡಿಯುವವನು ಕಾನೂನಿನ ಕಣ್ಣಿಗೆ ತಪ್ಪಿತಸ್ಥನಾದದ್ದು ಯಾವಾಗ, ಯಾವ ತಪ್ಪಿಗೆ? ಹಿಂದೆ ಹಿಂದೆ ಹೋದರೆ ಸಿಗುವ ಮೊದಲ ತಪ್ಪು ಮೀನಿನದ್ದೇ ಅಲ್ಲ, ಉಪ್ಪಿನದ್ದು.

ಮಂಜುಗಡ್ಡೆ ಇಲ್ಲದ ಕಾಲ. ಬಂಗುಡೆಯೋ ಬೂತಾಯಿಯೋ ರಾಶಿ ಬಿದ್ದರೆ ಅರ್ಧ ದಿನದೊಳಗೆ ಉಪ್ಪು ಬೀಳಬೇಕು, ಇಲ್ಲದಿದ್ದರೆ ತೆಂಗಿನ ಬುಡಕ್ಕೆ ಗೊಬ್ಬರ. ಅಳಿವೆಯ ಬದಿಯಲ್ಲಿ ಬಿಸಿಲಿಗೆ ಬೆಳ್ಳಗೆ ಒಣಗುವ ಉಪ್ಪುಮಣ್ಣನ್ನು ಕೆರೆದು ತಂದು ಮೀನಿಗೆ ಹಚ್ಚುವುದು ಹೆಂಗಸರ ಕೆಲಸವಾಗಿತ್ತು. ಬ್ರಿಟಿಷರಿಗೆ ಉಪ್ಪಿನ ತೆರಿಗೆ ದೊಡ್ಡ ಆದಾಯ. ಹಾಗಾಗಿ ಆ ಮಣ್ಣನ್ನು ಕೆರೆಯುವುದೇ ಅಪರಾಧವಾಯಿತು. 1873ರಲ್ಲಿ ಭಾರತದ ಕಡಲಮೀನುಗಾರಿಕೆಯ ಬಗ್ಗೆ ವರದಿ ಬರೆದ ಫ್ರಾನ್ಸಿಸ್ ಡೇ, ಉಪ್ಪಿನ ತೆರಿಗೆಯಿಂದ ಮೀನುಗಾರರಿಗೆ ಆಗುತ್ತಿದ್ದ ಕಷ್ಟವನ್ನು ಮುಚ್ಚಿಡಲಿಲ್ಲ. ಆಮೇಲೆ ಮದ್ರಾಸ್ ಸರ್ಕಾರ ದಡದ ಉದ್ದಕ್ಕೂ ಬೇಲಿ ಹಾಕಿದ ಯಾರ್ಡುಗಳನ್ನು ತೆರೆಯಿತು. ಮೀನನ್ನು ಅಲ್ಲಿಗೇ ಹೊತ್ತು ತರಬೇಕು, ಸುಂಕವಿಲ್ಲದ ಉಪ್ಪನ್ನು ತೂಗಿ ಕೊಡುತ್ತಾರೆ, ಅಲ್ಲೇ ಹಚ್ಚಬೇಕು. ಒಂದು ಹಿಡಿ ಉಪ್ಪು ಸೆರಗಿನಲ್ಲಿ ಹೊರಗೆ ಬಂದರೆ ಕೇಸು. ಲೆಕ್ಕದವನಾಗಿ ನಾನು ಆ ಯಾರ್ಡುಗಳಿಗೆ ಒಂದು ವಿಷಯಕ್ಕೆ ಕೈ ಮುಗಿಯುತ್ತೇನೆ: ಬೂತಾಯಿ, ಬಂಗುಡೆಗಳ ಹಳೆಯ ಏರಿಳಿತ ಬೇಕಾದ ವಿಜ್ಞಾನಿಗಳು ಇವತ್ತಿಗೂ ನೋಡುವುದು ಅಲ್ಲಿನ ಗುಮಾಸ್ತರು ಬರೆದಿಟ್ಟ ಪುಸ್ತಕಗಳನ್ನೇ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದ ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೂ ಎಷ್ಟೋ ಮೊದಲು ಮೀನಿನ ಬುಟ್ಟಿ ಹಿಡಿದು ಅದೇ ಕಾಯಿದೆ ಮುರಿದವರನ್ನು ಸತ್ಯಾಗ್ರಹಿ ಎಂದು ಯಾರೂ ಕರೆಯಲಿಲ್ಲ.

ಮೀನನ್ನೇ ಕುರಿತ ಕಾನೂನು ಬಂದದ್ದು 1897ರಲ್ಲಿ. ನೀರಿಗೆ ತೋಟೆ ಹಾಕಬಾರದು, ವಿಷ ಹಾಕಬಾರದು. ಹಾಕಿದರೆ ಎರಡು ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿವರೆಗೆ ದಂಡ. ಅಂದಿನ 200 ರೂಪಾಯಿಗೆ ಬೆಲೆ ಇತ್ತು. ಕಾಗದದ ಮೇಲೆ ಅದೇ ಅಂಕಿ ಉಳಿದುಕೊಂಡಿತು, ರೂಪಾಯಿ ಮಾತ್ರ ಕರಗಿತು.

1940ರ ಸುಮಾರಿಗೆ ಪಶ್ಚಿಮ ಕರಾವಳಿಯಲ್ಲಿ ಬೂತಾಯಿ ಸಿಗದಂತಾಯಿತು. ಮರಿಗಳನ್ನೂ ಮೊಟ್ಟೆ ತುಂಬಿದ ಮೀನನ್ನೂ ಬಾಚಿದ್ದೇ ಕಾರಣ ಎಂದುಕೊಂಡು ಮದ್ರಾಸ್ ಸರ್ಕಾರ 1943ರಲ್ಲಿ ಕೆಲವು ಜಾತಿಯ ಬಲೆಗಳ ಮೇಲೆ ನಿರ್ಬಂಧ ಹಾಕಿತು. ಜಾರಿ ಮಾಡಲಾಗದೆ ಕೆಲವೇ ವರ್ಷಗಳಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಮುಂದೆ ಬೂತಾಯಿ ತಾನಾಗಿಯೇ ತಿರುಗಿ ಬಂತು. ಈ ಪುಟ್ಟ ಪ್ರಸಂಗ ನನಗೆ ಬಹಳ ಮುಖ್ಯ ಎನಿಸುತ್ತದೆ. ಬೂತಾಯಿ ಬರುವುದಕ್ಕೂ ಹೋಗುವುದಕ್ಕೂ ಬಲೆಯೊಂದೇ ಕಾರಣವಲ್ಲ. ಮಳೆ, ನೀರಿನ ತಂಪು, ಮೀನಿನ ಮೇವು ಎಲ್ಲ ಸೇರಿ ಆಡುವ ಆಟ ಅದು. ಆದರೆ ಅಲ್ಲಿಂದ ಮುಂದೆ ದಡದಲ್ಲಿ ಒಂದು ಮಾತು ಬೇರೂರಿತು: “ಬರುವ ವರ್ಷ ಬರುತ್ತದೆ, ಸರ್ಕಾರಕ್ಕೆ ಏನು ಗೊತ್ತು?” ಆ ಮಾತನ್ನು ಬಂಕಿನ ಕಟ್ಟೆಯ ಮೇಲೆ ಕೂತು ಎಷ್ಟು ಸಲ ಕೇಳಿದ್ದೇನೋ.

ಇನ್ನು ರಂಪಣಿಗೆ ಬರುತ್ತೇನೆ. ಅಪ್ಪ ರಂಪಣಿಯ ಪಾಲುದಾರ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಒಂದೊಂದು ಮನೆಯವರು ತಂದ ಬಲೆಯ ತುಂಡುಗಳನ್ನು ಹೊಲಿದು ಕೂಡಿಸಿದರೆ ಅದೇ ಒಂದು ರಂಪಣಿ. ಅರ್ಧ ಕಿಲೋಮೀಟರ್ ಮೀರಿ ಉದ್ದ. ದಡದಲ್ಲಿ ನಿಂತು ನೀರಿನ ಬಣ್ಣ ನೋಡುವವನೊಬ್ಬ. ಕಡಲು ಒಂದು ಕಡೆ ಕೆಂಪು ಹೊಡೆದರೆ ಬಂಗುಡೆಯ ಹಿಂಡು ಎಂದು ಲೆಕ್ಕ. ಅವನು ಕೂಗಿದೊಡನೆ ದೊಡ್ಡ ದೋಣಿ ಬಲೆ ಬಿಡುತ್ತಾ ಅರ್ಧ ಸುತ್ತು ಹೊಡೆದು ಮತ್ತೆ ದಡಕ್ಕೆ ಬರುತ್ತಿತ್ತು. ಎರಡೂ ತುದಿಯ ಹಗ್ಗಕ್ಕೆ ಮೂವತ್ತು ನಲವತ್ತು ಜನ ಬೀಳುತ್ತಿದ್ದರು. ಮೀನು ಅತಿಯಾದರೆ ಪೂರ್ತಿ ಎಳೆಯುವುದಿಲ್ಲ; ಬಲೆಯನ್ನು ತಗ್ಗು ನೀರಿನಲ್ಲೇ ನಿಲ್ಲಿಸಿ ಮೀನನ್ನು ಜೀವಂತ ಕೂಡಿಹಾಕಿ, ಒಂದೆರಡು ದಿನ ಬೇಕಾದಷ್ಟೇ ತೆಗೆಯುತ್ತಿದ್ದರು. ದರ ಬೀಳದ ಹಾಗೆ ನೋಡಿಕೊಳ್ಳಲು ಇಷ್ಟು ಸರಳವಾದ ಉಪಾಯವನ್ನು ಈಗಿನ ಯಾವ ಕೋಲ್ಡ್ ಸ್ಟೋರೇಜಿನಲ್ಲೂ ನಾನು ಕಂಡಿಲ್ಲ.

ಅಲ್ಲಿಯೂ ಕಾನೂನು ಇತ್ತು, ಬರೆದದ್ದಲ್ಲ. ಯಾರ ರಂಪಣಿ ಮೊದಲು, ಯಾರದ್ದು ಆಮೇಲೆ, ಒಬ್ಬರು ಸುತ್ತು ಹಾಕುತ್ತಿರುವಾಗ ಇನ್ನೊಬ್ಬರು ಎಷ್ಟು ದೂರ ನಿಲ್ಲಬೇಕು, ಇದೆಲ್ಲ ಊರಿನ ಹಿರಿಯರಾದ ಗುರಿಕಾರರ ಮುಂದೆ ತೀರ್ಮಾನವಾಗುತ್ತಿತ್ತು. ತಪ್ಪಿದವನು ದೇವಸ್ಥಾನಕ್ಕೋ ಭಜನಾ ಮಂದಿರಕ್ಕೋ ಕಾಣಿಕೆ ಕಟ್ಟಬೇಕು. ಮಳೆಗಾಲದಲ್ಲಿ ಕಡಲು ತಾನೇ ಬಾಗಿಲು ಹಾಕುತ್ತಿತ್ತು. ನೂಲ ಹುಣ್ಣಿಮೆಗೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದ ಮೇಲೆ ಹೊಸ ವರ್ಷದ ಬಲೆ. ಅದನ್ನು ಸುವರ್ಣಯುಗ ಎನ್ನುವವರಿದ್ದಾರೆ. ನಾನು ಅನ್ನುವುದಿಲ್ಲ. ಆ ಕಟ್ಟಳೆ ಮೀನಿನ ಮೇಲಿನ ಕರುಣೆಯಿಂದ ಹುಟ್ಟಿದ್ದಲ್ಲ, ಪಾಲಿನ ಜಗಳ ತಪ್ಪಿಸಲು ಹುಟ್ಟಿದ್ದು. ಮೀನು ಉಳಿದದ್ದು ನಮ್ಮ ಕೈ ಅಲ್ಲಿಯವರೆಗೆ ಚಾಚುತ್ತಿರಲಿಲ್ಲ ಎಂಬ ಕಾರಣಕ್ಕೆ.

ಕೈ ಚಾಚಿದ್ದು 1970ರ ದಶಕದ ನಡುವಿನಲ್ಲಿ, ಪರ್ಸಿನ್ ಬಂದಾಗ. ಈ ಬಲೆಯ ಬುಡಕ್ಕೆ ಬಳೆಗಳ ಸಾಲು, ಬಳೆಗಳೊಳಗೆ ಒಂದು ಹಗ್ಗ. ಹಿಂಡನ್ನು ಸುತ್ತುವರಿದು ಹಗ್ಗ ಎಳೆದರೆ ಎಲೆಯಡಿಕೆಯ ಸಂಚಿಯ ಬಾಯಿ ಬಿಗಿದ ಹಾಗೆ ಕೆಳಗಿನಿಂದ ಮುಚ್ಚಿಕೊಳ್ಳುತ್ತದೆ. ಮೀನು ದಡಕ್ಕೆ ಬರುವವರೆಗೆ ಕಾಯುವ ಕೆಲಸವೇ ಇಲ್ಲ. ಕೆಲವೇ ವರ್ಷಗಳಲ್ಲಿ ನೂರಾರು ಪರ್ಸಿನ್‌ಗಳು ನೀರಿಗಿಳಿದವು, ರಂಪಣಿಗಳು ದಡದಲ್ಲಿ ಖಾಲಿ ಬಲೆ ಎಳೆದವು. ಇದರಲ್ಲಿ ಒಂದಿಷ್ಟೂ ಕಾನೂನುಬಾಹಿರವಿಲ್ಲ ಎನ್ನುವುದನ್ನು ಗಮನಿಸಬೇಕು. ಸಾಲ ಸಿಕ್ಕಿತು, ಸರ್ಕಾರವೇ ಬೆನ್ನು ತಟ್ಟಿತು. ನಮ್ಮ ಕಡೆ ಎಷ್ಟೋ ರಂಪಣಿಯವರು ಒಟ್ಟಾಗಿ ಪಾಲು ಹಾಕಿ ಪರ್ಸಿನ್ ಬೋಟು ಕೊಂಡರು. ಅಪ್ಪ ಕೊಳ್ಳಲಿಲ್ಲ, ಬಲೆಯ ತುಂಡನ್ನು ಅಟ್ಟಕ್ಕೆ ಹಾಕಿ ನನ್ನನ್ನು ಕಾಮರ್ಸ್ ಓದಲು ಕಳಿಸಿದರು. ನಮ್ಮ ಕರಾವಳಿಯ ಮೀನುಗಾರಿಕೆಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಹೀಗೆ, ರಸೀದಿ ಸಮೇತ.

ಗೋವಾದಲ್ಲಿ ರಾಂಪೋಣಕಾರರು, ಅಂದರೆ ಅಲ್ಲಿನ ರಂಪಣಿಯವರು, ಬೀದಿಗಿಳಿದರು, ಮಥಾನಿ ಸಲ್ಡಾನಾ ಅವರ ಮುಂದಾಳತ್ವದಲ್ಲಿ ದೊಡ್ಡ ಚಳವಳಿಯೇ ನಡೆಯಿತು. ಕೇಂದ್ರ ಸರ್ಕಾರ 1979ರಲ್ಲಿ ರಾಜ್ಯಗಳಿಗೆ ಮಾದರಿ ಮಸೂದೆ ಕಳಿಸಿತು. ಗೋವಾ, ಕೇರಳ 1980ರಲ್ಲೇ ಕಾಯಿದೆ ಮಾಡಿದವು. ಕರ್ನಾಟಕ ಮಾಡಿದ್ದು 1986ರಲ್ಲಿ, ಅಂದರೆ ರಂಪಣಿಯ ತಿಥಿ ಮುಗಿದ ಮೇಲೆ. ದಡದ ಹತ್ತಿರದ ನೀರು ನಾಡದೋಣಿಗಳಿಗೆ, ಅದರಾಚೆ ಯಾಂತ್ರಿಕ ಬೋಟುಗಳಿಗೆ, ದೊಡ್ಡವು ಇನ್ನೂ ಆಚೆ ಎಂದು ಕಡಲಿಗೆ ಗೆರೆ ಎಳೆದರು. ನೋಂದಣಿ, ಲೈಸೆನ್ಸ್ ಬಂತು. ಈ ಕಾಯಿದೆಯನ್ನು ಮೀನು ಉಳಿಸಲು ಮಾಡಿದ್ದು ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಓದಿದರೆ ನನಗೆ ಕಾಣುವುದು ಗುರಿಕಾರರ ತೀರ್ಪಿನ ಸರ್ಕಾರಿ ನಕಲು: ಮೊದಲು ಜನರ ಜಗಳ ಬಿಡಿಸು, ಮೀನಿನದ್ದು ಆಮೇಲೆ.

ಮೀನಿನದ್ದು ನಿಜವಾಗಿ ಆಮೇಲೆಯೇ ಬಂತು. ತಿಮಿಂಗಿಲ ಶಾರ್ಕ್, ಗರಗಸ ಮೀನು, ಕೆಲವು ತೊರಕೆಗಳು 2001ರಲ್ಲಿ ಹುಲಿ, ಆನೆಗಳ ಪಟ್ಟಿಗೆ ಸೇರಿದವು. ಗರಗಸ ಮೀನನ್ನು ಬೇಕೆಂದು ಹಿಡಿಯುವವರು ಕಡಿಮೆ. ಅದರ ಗರಗಸವೇ ಬಲೆಗೆ ಸಿಕ್ಕಿಕೊಂಡು ಬಿಡಿಸಲಾಗದೆ ಬರುತ್ತದೆ. ಹಾಗೆ ಬಂದದ್ದನ್ನು ಮಾರಿದರೂ ವನ್ಯಜೀವಿ ಕಾಯಿದೆಯ ಕೇಸು. ಮಳೆಗಾಲದ ರಜೆ ಒಂದೊಂದು ಕಡೆ ಒಂದೊಂದು ತಾರೀಕಿಗೆ ಇದ್ದದ್ದು 2015ರಿಂದ ನಮ್ಮ ಕರಾವಳಿಗೆಲ್ಲ ಜೂನ್ 1ರಿಂದ ಜುಲೈ 31, 61 ದಿನ ಎಂದಾಯಿತು. ಟ್ರಾಲ್ ಬಲೆಯ ತುದಿಯ ಚೀಲದಲ್ಲಿ 35 ಮಿ.ಮೀ. ಚೌಕ ಕಣ್ಣು ಇರಬೇಕೆಂಬ ನಿಯಮವೂ ಇದೆ. ವಜ್ರದ ಆಕಾರದ ಮಾಮೂಲು ಕಣ್ಣು ಎಳೆತಕ್ಕೆ ಮುಚ್ಚಿಹೋಗುತ್ತದೆ, ಚೌಕ ಕಣ್ಣು ತೆರೆದೇ ಇರುತ್ತದೆ, ಮರಿ ಮೀನು ನುಸುಳಿ ಹೋಗುತ್ತದೆ. ಚಂದದ ಯೋಚನೆ. ಆದರೆ ಆ ಮರಿ ಮೀನಿಗೆ ಫಿಶ್‌ಮೀಲ್ ಕಾರ್ಖಾನೆ ಬಂದರಿನ ಬಾಗಿಲಲ್ಲೇ ಲಾರಿ ನಿಲ್ಲಿಸಿ ದುಡ್ಡು ಕೊಡುವಾಗ ಯಾವ ಬೋಟಿನವನು ತಾನಾಗಿ ಅದನ್ನು ಬಿಟ್ಟು ಬರುತ್ತಾನೆ? ಹಿಡಿದವನು ತಪ್ಪಿತಸ್ಥ, ತೂಗಿ ಕೊಂಡವನು ಉದ್ಯಮಿ. ನಾನು ಲೆಕ್ಕ ಬರೆದ ಅಷ್ಟೂ ವರ್ಷ ನನಗೆ ಅರಗದ ವಿಷಯ ಇದೊಂದೇ.

ಬಂದರಿನ ಜಗಳಗಳಲ್ಲಿ ಹಿಂಗಾರದ ಜಗಳ ಒಂದು ಬೇರೆಯೇ ಜಾತಿ. ಅಡಿಕೆಯದ್ದಲ್ಲ, ತೆಂಗಿನದ್ದು. ಸುಮಾರು ಇಪ್ಪತ್ತು ವರ್ಷದ ಹಿಂದೆ ಕನ್ಯಾಕುಮಾರಿ ಕಡೆಯ ಗಾಳದವರು ನಮ್ಮ ಕಡಲಲ್ಲಿ ಹೊಸ ವಿದ್ಯೆ ತೋರಿಸಿದರು. ಒಣಗಿದ ತೆಂಗಿನ ಹಿಂಗಾರಗಳ ಕಟ್ಟು ಕಟ್ಟಿ, ಮರಳಿನ ಮೂಟೆಯ ಭಾರ ಹಾಕಿ ನೀರಿಗೆ ಬಿಡುವುದು, ಜಾಗವನ್ನು ಜಿಪಿಎಸ್‌ನಲ್ಲಿ ಬರೆದುಕೊಳ್ಳುವುದು. ಮೊಟ್ಟೆ ಇಡಲು ಆಸರೆ ಹುಡುಕುವ ಕಪ್ಪೆಬೊಂಡಾಸು ಅದರ ಎಳೆಗಳಿಗೆ ಗೊಂಚಲು ಗೊಂಚಲಾಗಿ ಮೊಟ್ಟೆ ಅಂಟಿಸಲು ಬರುತ್ತದೆ. ಗಾಳದವರು ತಿರುಗಿ ಬಂದು ಒಂದೊಂದನ್ನಾಗಿ ಎತ್ತುತ್ತಾರೆ. ಗಾಳದ ಮೀನು ಗಾಯವಿಲ್ಲದೆ ಬರುವುದರಿಂದ ದರ ಜೋರು. ನಮ್ಮ ಟ್ರಾಲ್‌ಬೋಟಿನವರು ರೊಚ್ಚಿಗೆದ್ದರು: ಮೊಟ್ಟೆ ಇಡಲು ಬಂದದ್ದನ್ನೇ ಹಿಡಿದರೆ ನಾಳೆಗೇನು? ಹಿಂಗಾರದ ಕಟ್ಟು ಸಿಕ್ಕಿ ನಮ್ಮ ಬಲೆಯೂ ಹರಿಯುತ್ತದೆ. ದಡದಲ್ಲಿ ಗಲಾಟೆ, ಮನವಿ, ಕೊನೆಗೆ ನಿಷೇಧ. ಅವರು ಹೇಳಿದ್ದು ಸರಿಯೇ ಇತ್ತು. ಅದನ್ನು ಹೇಳಿದ ಬೋಟುಗಳ ಚೀಲದಲ್ಲಿ ಹೆಬ್ಬೆರಳಿನುದ್ದದ ರಾಣಿ ಮೀನಿನ ಮರಿಗಳು ಫಿಶ್‌ಮೀಲಿನ ಲಾರಿ ಕಾಯುತ್ತಿದ್ದವು, ಅಷ್ಟೇ.

ದೀಪದ ಕತೆಗೂ ಬುಲ್ ಟ್ರಾಲಿಂಗಿನ ಕತೆಗೂ ಗಂಟು ಇರುವುದು ಒಂದೇ ಕಡೆ, ಹನ್ನೆರಡು ನಾಟಿಕಲ್ ಮೈಲಿಯಲ್ಲಿ. ಅಲ್ಲಿಯವರೆಗೆ ರಾಜ್ಯದ ಮೀನು, ಆಚೆ 200 ಮೈಲಿವರೆಗೆ ಕೇಂದ್ರದ್ದು. ಸಂವಿಧಾನದ ಪಟ್ಟಿಯಲ್ಲೇ ಹಾಗೆ ಹಂಚಿದ್ದಾರೆ. ಎರಡು ಬೋಟು ಸೇರಿ ಒಂದೇ ದೊಡ್ಡ ಬಲೆಯನ್ನು ಎಳೆದು ತಳ ಗುಡಿಸುವುದು ಬುಲ್ ಟ್ರಾಲಿಂಗ್. ಲೈಟ್ ಫಿಶಿಂಗಿನಲ್ಲಿ ಕತ್ತಲೆ ರಾತ್ರಿ ಹೆಚ್ಚು ಪ್ರಭೆಯ ಎಲ್‌ಇಡಿ ಉರಿಸಿ ಒಂದೆರಡು ಗಂಟೆ ಸುಮ್ಮನೆ ಕಾಯುತ್ತಾರೆ. ಮೊದಲು ಸಣ್ಣ ಹುಳು, ಅದನ್ನು ತಿನ್ನಲು ಮರಿ ಮೀನು, ಅದರ ಹಿಂದೆ ಬಂಗುಡೆ, ಬೊಂಡಾಸು. ತುಂಬಿತು ಎಂದಾಗ ಪರ್ಸಿನ್ ಸುತ್ತು. ದೊಡ್ಡದು, ಸಣ್ಣದು ಎಂಬ ಆಯ್ಕೆ ಅಲ್ಲಿಲ್ಲ. ನಾಡದೋಣಿಯವರು ಹೋರಾಡಿದರು, ರಾಜ್ಯ ನಿಷೇಧಿಸಿತು, ಆಗ ಎಲ್ಲರ ಬಾಯಲ್ಲಿ ಒಂದೇ ಉತ್ತರ: “ಹನ್ನೆರಡು ದಾಟಿಯೇ ಹಾಕಿದ್ದು.” 2017ರ ನವೆಂಬರ್ 10ರಂದು ಕೇಂದ್ರವೂ ಆದೇಶ ಹೊರಡಿಸಿ ಆಚೆಯ ನೀರಿನಲ್ಲೂ ಎರಡನ್ನೂ ನಿಷೇಧಿಸಿತು. ಆದರೆ ಆಚೆಯ ನೀರಿನಲ್ಲಿ ನಮ್ಮದೇ ದೇಶದ ಬೋಟನ್ನು ನಿಯಂತ್ರಿಸುವ ಕಾಯಿದೆ ಆಗ ಎಲ್ಲಿತ್ತು? 1981ರ ಕಾಯಿದೆ ವಿದೇಶಿ ಹಡಗುಗಳಿಗೆ ಮಾತ್ರ. ಈ ಪ್ರಶ್ನೆಯನ್ನು ವಕೀಲರಿಗಿಂತ ಚೆನ್ನಾಗಿ ಕೇಳಬಲ್ಲ ತಂಡೇಲರು ನಮ್ಮಲ್ಲಿದ್ದರು. ದಡಕ್ಕೆ ಬಂದ ಮೀನಿನ ಮೇಲೆ ಯಾವ ನೀರಿನಲ್ಲಿ ಹಿಡಿದದ್ದೆಂದು ಬರೆದಿರುವುದಿಲ್ಲವಲ್ಲ.

ಗೆರೆ ಅಡ್ಡಕ್ಕೂ ಇದೆ. ಬಂಗುಡೆಯ ಬೆನ್ನು ಹತ್ತಿ ಬಡಗಿಗೆ ಹೋಗುವ ನಮ್ಮ ಬೋಟುಗಳನ್ನು ಗೋವಾದವರೂ ಮಹಾರಾಷ್ಟ್ರದವರೂ ತಮ್ಮ ಹನ್ನೆರಡು ಮೈಲಿಯೊಳಗೆ ಹಿಡಿದು ದಂಡ ಹಾಕಿದ್ದುಂಟು. ಅಲ್ಲಿನ ರಾಪಣದವರ, ಅಂದರೆ ಅವರ ರಂಪಣಿಯವರ, ದೂರು ಅಕ್ಷರಶಃ ನಮ್ಮದೇ: ಹೊರಗಿನಿಂದ ಬಂದವರು ನಮ್ಮ ಕಡಲು ಬಾಚುತ್ತಿದ್ದಾರೆ. ಒಮ್ಮೆ ಸಿಂಧುದುರ್ಗದ ಕಡೆ ಹಿಡಿದಿಟ್ಟ ಬೋಟನ್ನು ಬಿಡಿಸಲು ಹೊರಟ ಗುಂಪು ಜೀಪಿಗೆ ಡೀಸೆಲ್ ಹಾಕಿಸಲು ನಮ್ಮ ಬಂಕಿಗೆ ಬಂತು. ಆರು ಜನರಲ್ಲಿ ನಾಲ್ವರನ್ನು ನಾನು ಗುರುತಿಸಿದೆ. ಹಿಂಗಾರದವರನ್ನು ಓಡಿಸಿ ಎಂದು ಮನವಿಗೆ ಸಹಿ ಹಾಕುವಾಗ ನನ್ನ ಪೆನ್ನನ್ನೇ ಕೇಳಿ ಪಡೆದವರು ಅವರು.