ತಿಮ್ಮಯ್ಯನವರ ಐದನೆಯ ಮತ

ಭಾರತೀಯ ಭೂಸೇನೆಯ ದಕ್ಷಿಣ ಕಮಾಂಡ್‌ನ ಕೇಂದ್ರ ಕಚೇರಿ ಇರುವುದು ಪುಣೆಯಲ್ಲಿ. 1955ರಲ್ಲಿ ಅದರ ಮುಖ್ಯಸ್ಥರಾಗಿ ಬಂದವರು ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಬರ್ಮಾದ ಅರಕಾನ್‌ನಲ್ಲಿ ಬ್ರಿಗೇಡ್ ನಡೆಸಿದವರು, 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದವರು. ಆದರೆ ಆ ಹೊತ್ತಿಗೆ ಜಗತ್ತು ಅವರನ್ನು ಗುರುತಿಸುತ್ತಿದ್ದುದು ಒಂದು ಗುಂಡನ್ನೂ ಹಾರಿಸಿ ಗೆಲ್ಲಲಾಗದ ಕೆಲಸದಿಂದ.

ಕೊರಿಯಾ ಯುದ್ಧ ನಿಲ್ಲಲು ಅಡ್ಡಿಯಾಗಿದ್ದುದರಲ್ಲಿ ಕೈದಿಗಳ ಪ್ರಶ್ನೆ ದೊಡ್ಡದು. ಯುದ್ಧ ಮುಗಿದ ಮೇಲೆ ಕೈದಿಗಳನ್ನು ತಡಮಾಡದೆ ಊರಿಗೆ ಕಳಿಸಬೇಕೆಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಹೋಗಲು ಒಲ್ಲೆ ಎನ್ನುವವನನ್ನು ಏನು ಮಾಡಬೇಕು? ಒತ್ತಾಯದಿಂದ ಕಳಿಸುವುದಿಲ್ಲ ಎಂದಿತು ಅಮೆರಿಕ. ಎಲ್ಲರನ್ನೂ ಕಳಿಸಲೇಬೇಕು ಎಂದವು ಚೀನಾ ಮತ್ತು ಉತ್ತರ ಕೊರಿಯಾ. ಈ ಹಗ್ಗಜಗ್ಗಾಟದಲ್ಲಿ ವರ್ಷಕ್ಕೂ ಮೀರಿ ಕಾಲ ಕಳೆಯಿತು, ಅತ್ತ ಗಡಿಯಲ್ಲಿ ಹುಡುಗರು ಸಾಯುತ್ತಲೇ ಇದ್ದರು. ಕೊನೆಗೆ ದಾರಿ ತೆರೆದದ್ದು 1952ರ ಕೊನೆಗೆ ವಿಶ್ವಸಂಸ್ಥೆಯಲ್ಲಿ ವಿ. ಕೆ. ಕೃಷ್ಣ ಮೆನನ್ ಮುಂದಿಟ್ಟ ಭಾರತದ ಸೂತ್ರ: ಇಂಥ ಕೈದಿಗಳನ್ನು ತಟಸ್ಥ ದೇಶಗಳ ಆಯೋಗವೊಂದಕ್ಕೆ ಒಪ್ಪಿಸುವುದು.

1953ರ ಜುಲೈ 27ರಂದು ಕದನವಿರಾಮವಾಯಿತು. ಆಯೋಗದಲ್ಲಿ ಐದು ದೇಶ. ಪೋಲೆಂಡ್, ಚೆಕೊಸ್ಲೊವಾಕಿಯಾ ಒಂದು ಕಡೆಗೆ ವಾಲಿದರೆ ಸ್ವೀಡನ್, ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆಗೆ. ಐದನೆಯದು ಭಾರತ, ಅದರ ಪರವಾಗಿ ಅಧ್ಯಕ್ಷ ಪೀಠದಲ್ಲಿ ತಿಮ್ಮಯ್ಯ. ಎರಡಕ್ಕೆ ಎರಡು ಸರಿಹೋದಾಗಲೆಲ್ಲ ತೀರ್ಪು ಅವರ ಮತದ ಮೇಲೆ. ರಾಯಭಾರಿಗಳು ಮಾಡಬೇಕಾದ ಕೆಲಸ ಸೈನಿಕನೊಬ್ಬನ ಹೆಗಲಿಗೆ ಬಿತ್ತು.

ಕೈದಿಗಳನ್ನು ಕಾಯಲು ಹೋದ ಭಾರತೀಯ ಪಡೆಯ ನಾಯಕ ಕೊಲ್ಹಾಪುರದ ಕಡೆಯ ಮೇಜರ್ ಜನರಲ್ ಶಂಕರರಾವ್ ಥೋರಾಟ್. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯರು ತನ್ನ ನೆಲ ಮೆಟ್ಟಕೂಡದೆಂದು ಹಟ ಹಿಡಿದಿದ್ದರಿಂದ ಸೈನಿಕರನ್ನು ಇಂಚೋನ್ ಬಂದರಿನಿಂದ ಹೆಲಿಕಾಪ್ಟರ್‌ಗಳಲ್ಲಿ ಹೊತ್ತೊಯ್ಯಬೇಕಾಯಿತು. ಕಾಯಬೇಕಿದ್ದವರು 22,604 ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು. ಆಚೆ ಬದಿಯಲ್ಲಿ 23 ಅಮೆರಿಕನ್ನರೂ ಸೇರಿ 359 ಮಂದಿ. ಶಿಬಿರಗಳ ಒಳಗೆ ಕೈದಿಗಳದೇ ಗುಂಪುಗಳ ದರ್ಬಾರು. ಭಾರತೀಯ ಮೇಜರ್ ಒಬ್ಬರನ್ನು ಕೈದಿಗಳು ಒತ್ತೆಯಾಗಿ ಹಿಡಿದಾಗ ಥೋರಾಟ್ ತಾವೇ ಆವರಣದೊಳಗೆ ಹೋಗಿ ಮಾತಿನಲ್ಲೇ ಅವರನ್ನು ಬಿಡಿಸಿ ತಂದರು.

ಊರಿನ ಪ್ರತಿನಿಧಿಗಳು ಕೈದಿಗಳಿಗೆ ತಿಳಿಹೇಳಲು 90 ದಿನಗಳ ಗಡುವಿತ್ತು. ಬಹಳ ಮಂದಿ ಕೇಳಲು ಬರಲೇ ಇಲ್ಲ. ಅವರನ್ನು ಬಲವಂತವಾಗಿ ಎಳೆತರಬೇಕೆ? ಎಳೆತಂದರೆ ರಕ್ತ ಹರಿಯುತ್ತಿತ್ತು. ಸುಮ್ಮನಿದ್ದರೆ ಗುಂಪುಗಳ ಬೆದರಿಕೆಗೆ ಸೋತಂತೆ. ತಿಮ್ಮಯ್ಯ ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಉಳಿದವರ ಭವಿಷ್ಯ ತೀರ್ಮಾನಿಸಬೇಕಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಬಿಡುಗಡೆ ಮಾಡಲು ತಮಗೆ ಅಧಿಕಾರವಿಲ್ಲ, ಇಟ್ಟುಕೊಳ್ಳಲೂ ಹಕ್ಕಿಲ್ಲ ಎಂದು ಅವರು 1954ರ ಜನವರಿಯಲ್ಲಿ ಕೈದಿಗಳನ್ನು ಮೊದಲು ಹಿಡಿದವರಿಗೇ ಮರಳಿಸಿದರು. ಎರಡೂ ಕಡೆಯವರು ಮುನಿದರು. ಊರಿಗೆ ಮರಳಲು ಒಪ್ಪಿದವರು ಆರುನೂರು ಚಿಲ್ಲರೆ ಮಾತ್ರ. ಯಾವ ಬಣವೂ ಬೇಡವೆಂದ 88 ಮಂದಿ ಭಾರತೀಯ ಪಡೆಯ ಹಡಗಿನಲ್ಲೇ ಮದರಾಸಿಗೆ ಬಂದಿಳಿದರು.

ಹಗೆಗಳ ನಡುವೆ ನಿಭಾಯಿಸಿದ ಈ ಮನುಷ್ಯನಿಗೆ ಮನೆಯೊಳಗಿನ ಜಗಳ ಕಷ್ಟವಾಯಿತು. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು, 1959ರಲ್ಲಿ ರಕ್ಷಣಾ ಸಚಿವರೊಡನೆ ಮನಸ್ತಾಪವಾಗಿ ರಾಜೀನಾಮೆ ಕೊಟ್ಟರು, ನೆಹರೂ ಮಾತಿಗೆ ಹಿಂತೆಗೆದುಕೊಂಡರು. ಆ ಸಚಿವ ಬೇರಾರೂ ಅಲ್ಲ, ಕೊರಿಯಾ ಸೂತ್ರದ ಕೃಷ್ಣ ಮೆನನ್. ಇಬ್ಬರೂ ಸೇರಿ ಪರರ ಯುದ್ಧದ ಗಂಟೊಂದನ್ನು ಬಿಡಿಸಿದ್ದರು, ತಮ್ಮ ನಡುವಿನದು ಬಿಡಿಸಲಾಗಲಿಲ್ಲ. ಅದರ ಬೆಲೆ ಏನೆಂದು 1962ರ ನಂತರ ದೇಶ ಇಂದಿಗೂ ಲೆಕ್ಕ ಹಾಕುತ್ತಿದೆ.

ನಿವೃತ್ತರಾದ ಮೇಲೆ ಮತ್ತೆ ಕರೆ ಬಂತು. 1964ರಲ್ಲಿ ಸೈಪ್ರಸ್‌ನಲ್ಲಿ ಗ್ರೀಕರು ಮತ್ತು ತುರ್ಕರ ನಡುವೆ ನಿಂತ ವಿಶ್ವಸಂಸ್ಥೆಯ ಪಡೆಗೆ ತಿಮ್ಮಯ್ಯ ದಂಡನಾಯಕರಾದರು. 1965ರ ಡಿಸೆಂಬರ್ 18ರಂದು ಅಲ್ಲೇ, ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ ವಸ್ತುಸಂಗ್ರಹಾಲಯವಾಗಿ ತೆರೆದದ್ದು 2021ರಲ್ಲಿ. ಅಲ್ಲಿಗೆ ಹೋದವರು ಜೋಜಿಲಾದ ಟ್ಯಾಂಕುಗಳ ಕಥೆಯನ್ನು ತಪ್ಪದೆ ಕೇಳುತ್ತಾರೆ. ಬಲವಿದ್ದೂ ಬಳಸದ ಆ ನಾಲ್ಕು ತಿಂಗಳ ಕಥೆಯನ್ನೂ ಕೇಳಬೇಕು.