ಹುಲ್ಲುಗಾವಲಿನ ನಡುವೆ ಒಂದು ಚರ್ಚು

ಮನೆಯೊಳಗೆ ನಾಲ್ಕು ಜನ ಕೂಡಿ ಧರ್ಮಗ್ರಂಥ ಓದುವುದೂ ಸ್ವೀಡನ್ನಿನಲ್ಲಿ ಒಂದು ಕಾಲಕ್ಕೆ ಅಪರಾಧವಾಗಿತ್ತು. ಪಾದ್ರಿಗಳ ಮೇಲ್ವಿಚಾರಣೆಯಿಲ್ಲದ ಧಾರ್ಮಿಕ ಕೂಟಗಳನ್ನು 1726ರ ರಾಜಾಜ್ಞೆ ನಿಷೇಧಿಸಿತ್ತು. ಅದು ರದ್ದಾದದ್ದು 1858ರಲ್ಲಿ.

ಅದನ್ನು ಧಿಕ್ಕರಿಸಿದವರಲ್ಲಿ ರೈತ ಎರಿಕ್ ಯಾನ್ಸನ್ ಒಬ್ಬ. ಬೈಬಲ್ ಒಂದೇ ಸಾಕೆಂದ ಆತನ ಅನುಯಾಯಿಗಳು 1844ರಲ್ಲಿ ಲೂಥರನ್ ಗ್ರಂಥಗಳನ್ನು ಸುಟ್ಟರು, ಯಾನ್ಸನ್ ಸೆರೆಯಾದ. 1846ರಿಂದ ಅವರು ತಂಡತಂಡವಾಗಿ ಅಮೆರಿಕದ ಇಲಿನಾಯ್ಸ್‌ಗೆ ವಲಸೆ ಹೋದರು. ಹೊಸ ಹಳ್ಳಿಗೆ ಯಾನ್ಸನ್‌ನ ಹುಟ್ಟೂರಾದ ಬಿಸ್ಕೋಪ್ಸ್‌ಕುಲ್ಲಾದ ನೆನಪಲ್ಲಿ ಬಿಷಪ್ ಹಿಲ್ ಎಂದು ಹೆಸರಿಟ್ಟರು. ಆಸ್ತಿ, ಅಡುಗೆ, ದುಡಿಮೆ ಎಲ್ಲವೂ ಸಾಮೂಹಿಕ. ಮೊದಲ ಚಳಿಗಾಲವನ್ನು ನೆಲ ಅಗೆದು ಮಾಡಿದ ಗೂಡುಗಳಲ್ಲಿ ಕಳೆದರು, ಅನೇಕರು ಸತ್ತರು.

1848ರಲ್ಲಿ ಚರ್ಚು ಎದ್ದು ನಿಂತಿತು. ಮೇಲಂತಸ್ತಿನಲ್ಲಿ ಪ್ರಾರ್ಥನಾ ಮಂದಿರ, ಕೆಳಗೆ ಕುಟುಂಬಗಳ ವಾಸದ ಕೋಣೆಗಳು. ಗಂಡಸರು, ಹೆಂಗಸರು ಬೇರೆ ಬೇರೆ ಬದಿಯಲ್ಲಿ ಕುಳಿತು ಪ್ರಾರ್ಥಿಸುತ್ತಿದ್ದರು. ದೇವರ ಮನೆಯೂ ಬಡವರ ಮನೆಯೂ ಒಂದೇ ಸೂರಿನಡಿ ಇದ್ದವು.

ಆದರೆ ಅಧಿಕಾರ ಒಬ್ಬನ ಕೈಯಲ್ಲಿತ್ತು. ಯಾನ್ಸನ್‌ನ ಸೋದರಸಂಬಂಧಿಯನ್ನು ಮದುವೆಯಾಗಿದ್ದ ಜಾನ್ ರೂಟ್ ಹೆಂಡತಿ, ಮಗುವನ್ನು ಕರೆದುಕೊಂಡು ಊರು ಬಿಟ್ಟಾಗ ವಸಾಹತಿನ ಜನ ಬೆನ್ನಟ್ಟಿ ಅವರನ್ನು ಮರಳಿ ತಂದರು. ಜಗಳ ಕೋರ್ಟಿಗೆ ಹೋಯಿತು. 1850ರ ಮೇ 13ರಂದು ರೂಟ್ ಕೇಂಬ್ರಿಡ್ಜ್ ಪಟ್ಟಣದ ನ್ಯಾಯಾಲಯದಲ್ಲೇ ಯಾನ್ಸನ್‌ನನ್ನು ಗುಂಡಿಕ್ಕಿ ಕೊಂದ. 1861ರ ವೇಳೆಗೆ ಸಾಮೂಹಿಕ ಬದುಕು ಕರಗಿ, ಆಸ್ತಿ ಹಂಚಿಹೋಯಿತು. ಚರ್ಚು ಮಾತ್ರ ಸ್ಮಾರಕವಾಗಿ ಉಳಿದಿದೆ.

ತಮಗಿಷ್ಟ ಬಂದಂತೆ ಪ್ರಾರ್ಥಿಸುವ ಹಕ್ಕಿಗಾಗಿ ಸಾಗರ ದಾಟಿದವರು ಇವರು. ತಮ್ಮನ್ನು ಬಿಟ್ಟುಹೋಗುವ ಹಕ್ಕನ್ನು ಇನ್ನೊಬ್ಬನಿಗೆ ಕೊಡುವುದು ಅವರಿಗೂ ಕಷ್ಟವಾಯಿತು. ಶ್ರದ್ಧೆಯ ನಿಜವಾದ ಪರೀಕ್ಷೆ ಇರುವುದು ಅಲ್ಲಿಯೇ.