ಮತ್ಲಬ್‌ನ ದಾಖಲೆಗಳು: ಬಡವರ ಕಾಯಿಲೆಯ ಸಂಶೋಧನೆಗೆ ಹಣ ಬಂದ ಬಗೆ

ಢಾಕಾದ ಮಹಾಖಾಲಿಯಲ್ಲಿ 1960ರ ಕೊನೆಯಲ್ಲಿ ಆರಂಭವಾದ ಸಂಸ್ಥೆಯ ಪೂರ್ಣ ಹೆಸರು ಪಾಕಿಸ್ತಾನ-ಸೀಟೊ ಕಾಲರಾ ಸಂಶೋಧನಾ ಪ್ರಯೋಗಾಲಯ. ಸೀಟೊ 1954ರ ಮನಿಲಾ ಒಪ್ಪಂದದಿಂದ ಹುಟ್ಟಿದ, ಕಮ್ಯುನಿಸಂ ಹರಡದಂತೆ ತಡೆಯಲೆಂದೇ ಕಟ್ಟಿದ ಸೇನಾ ಕೂಟ. ಅಂಥ ಕೂಟಕ್ಕೆ ಪೂರ್ವ ಪಾಕಿಸ್ತಾನದ ರೈತನ ವಾಂತಿಭೇದಿಯ ಮೇಲೆ ಏಕೆ ಕಾಳಜಿ? ಏಷ್ಯಾದಲ್ಲಿದ್ದ ಅಮೆರಿಕದ ಸೈನಿಕರಿಗೂ ಕಾಲರಾದ ಭಯವಿತ್ತು. ಹೊಸದಾಗಿ ಸ್ವತಂತ್ರವಾದ ದೇಶಗಳ ಒಲವು ಗಳಿಸುವ ಆಸೆಯೂ ಇತ್ತು. ಹಣದ ದೊಡ್ಡ ಪಾಲು ಅಮೆರಿಕ ಸರ್ಕಾರದ್ದು, ವೈಜ್ಞಾನಿಕ ಮೇಲುಸ್ತುವಾರಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳದ್ದು. ಮೊದಲ ನಿರ್ದೇಶಕ ಫ್ರೆಡ್ ಸೋಪರ್, ಬ್ರೆಜಿಲ್‌ನಲ್ಲಿ ಮಲೇರಿಯಾ ಸೊಳ್ಳೆಯ ವಿರುದ್ಧ ಹೋರಾಡಿ ಹೆಸರಾದವರು.

ಈ ಪ್ರಯೋಗಾಲಯದ ಕಥೆಯನ್ನು ಸಾಮಾನ್ಯವಾಗಿ ಒಂದು ಮಹಾ ಆವಿಷ್ಕಾರದ ಕಥೆಯಾಗಿ ಹೇಳುತ್ತಾರೆ. ಲೆಕ್ಕದ ಕಡೆಯಿಂದ ನೋಡಿದರೆ ಅದು ಬೇರೆಯಾಗಿ ಕಾಣುತ್ತದೆ. ಹಣ ಬಂದದ್ದು ಮುಖ್ಯವಾಗಿ ಲಸಿಕೆಗಾಗಿ, ಮತ್ತು ಆ ಲಸಿಕೆ ಕೈಕೊಟ್ಟಿತು. ಫಲ ಸಿಕ್ಕಿದ್ದು ಯಾರೂ ಕೇಳದಿದ್ದ ಎರಡು ಕಡೆ: ಒಂದು ಉಪ್ಪು-ಸಕ್ಕರೆಯ ನೀರು, ಇನ್ನೊಂದು ಹಳ್ಳಿಗಳ ಹುಟ್ಟು-ಸಾವಿನ ದಾಖಲೆ.

ಲಸಿಕೆಯ ಪರೀಕ್ಷೆಗೆ ಆರಿಸಿದ ಜಾಗ ಮತ್ಲಬ್. ಢಾಕಾದಿಂದ ಸುಮಾರು 55 ಕಿಲೋಮೀಟರ್ ಆಗ್ನೇಯಕ್ಕೆ, ಮೇಘನಾ ನದಿಯ ಬಯಲಿನಲ್ಲಿ, ಮಳೆಗಾಲದಲ್ಲಿ ದೋಣಿಯಿಲ್ಲದೆ ಓಡಾಡಲಾಗದ ಊರುಗಳು. 1963ರಲ್ಲಿ ಅಲ್ಲಿ ಕ್ಷೇತ್ರ ಕೇಂದ್ರ ತೆರೆದರು. ಆರಂಭದ ಆಸ್ಪತ್ರೆ ನಡೆದದ್ದು ನೀರಿನ ಮೇಲೆ, ಒಂದು ತೇಲುದೋಣಿಯಲ್ಲಿ. ಲಸಿಕೆ ಕೆಲಸ ಮಾಡಿತೇ ಎಂದು ತಿಳಿಯಬೇಕಾದರೆ ಯಾವ ಮನೆಯಲ್ಲಿ ಎಷ್ಟು ಜನ, ಯಾರು ಸತ್ತರು, ಯಾರು ಊರು ಬಿಟ್ಟರು ಎಂಬ ಲೆಕ್ಕ ಬೇಕು. ಹಾಗಾಗಿ ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ ಶುರುವಾಗಿ, 1966ರಿಂದ ಅದು ನಿರಂತರ ವ್ಯವಸ್ಥೆಯಾಯಿತು. ಆಗಿದ್ದ ಚುಚ್ಚುಮದ್ದಿನ ಲಸಿಕೆಯ ರಕ್ಷಣೆ ಅಲ್ಪ, ಅದೂ ಕೆಲವೇ ತಿಂಗಳು ಎಂಬುದು ಇಂಥ ಪರೀಕ್ಷೆಗಳಿಂದ ಸ್ಪಷ್ಟವಾಯಿತು. 1973ರಲ್ಲಿ ವಿಶ್ವ ಆರೋಗ್ಯ ಸಭೆ ಅಂತರರಾಷ್ಟ್ರೀಯ ಪ್ರಯಾಣಿಕರಿಗಿದ್ದ ಕಾಲರಾ ಲಸಿಕೆಯ ಪ್ರಮಾಣಪತ್ರದ ನಿಯಮವನ್ನೇ ಕೈಬಿಟ್ಟಿತು. ಒಂದು ಮದ್ದು ಉಪಯೋಗಕ್ಕೆ ಬಾರದು ಎಂದು ನಿಖರವಾಗಿ ತೋರಿಸಿದ್ದೂ ಸಾರ್ವಜನಿಕ ಹಣದ ಸಾರ್ಥಕ ಬಳಕೆಯೇ. ವಾರ್ಷಿಕ ವರದಿಯಲ್ಲಿ ಮಾತ್ರ ಅದು ಶೋಭಿಸುವುದಿಲ್ಲ.

ಇನ್ನು ಉಪ್ಪು-ಸಕ್ಕರೆಯ ನೀರು. ಕಾಲರಾ ಕೊಲ್ಲುವುದು ದೇಹದ ನೀರನ್ನು ಬಸಿದು. ತೀವ್ರವಾದಾಗ ಗಂಟೆಗೆ ಒಂದು ಲೀಟರ್‌ವರೆಗೂ ಹೋಗುತ್ತದೆ. ಡ್ರಿಪ್ ಹಾಕಿದರೆ ರೋಗಿ ಬದುಕುತ್ತಾನೆ, ಆದರೆ ಹಳ್ಳಿಯಲ್ಲಿ ಡ್ರಿಪ್ ಎಲ್ಲಿಂದ ಬರಬೇಕು? ಬಾಯಿಂದಲೇ ಗ್ಲೂಕೋಸ್ ಮತ್ತು ಉಪ್ಪಿನ ದ್ರಾವಣ ಕೊಡುವ ಪ್ರಯತ್ನವನ್ನು ಅಮೆರಿಕ ನೌಕಾದಳದ ವೈದ್ಯ ರಾಬರ್ಟ್ ಫಿಲಿಪ್ಸ್ 1962ರಲ್ಲಿ ಮನಿಲಾದಲ್ಲಿ ಮಾಡಿದ್ದರು. ದ್ರಾವಣದಲ್ಲಿ ಉಪ್ಪು ಹೆಚ್ಚಾಗಿತ್ತು, ಐವರು ರೋಗಿಗಳು ಸತ್ತರು. ಅದೇ ಫಿಲಿಪ್ಸ್ ಮುಂದೆ ಢಾಕಾ ಪ್ರಯೋಗಾಲಯದ ನಿರ್ದೇಶಕರಾದರು. ಈ ವಿಷಯದಲ್ಲಿ ಅವರು ಹೆಜ್ಜೆಹೆಜ್ಜೆಗೂ ಅಳುಕಿದ್ದು ಸಹಜ. 1968ರಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ಯುವ ವೈದ್ಯರು 29 ರೋಗಿಗಳ ಮೇಲೆ ಮತ್ತೆ ಪರೀಕ್ಷೆ ನಡೆಸಿದರು. ನಡುವೆ ತೂತಿದ್ದ ಕ್ಯಾನ್ವಾಸ್ ಮಂಚ, ಕೆಳಗೊಂದು ಬಕೆಟ್ಟು. ಬಕೆಟ್ಟಿನಲ್ಲಿ ಬಿದ್ದದ್ದನ್ನು ಅಳೆಯುವುದು, ಹೋದಷ್ಟನ್ನು ಬಾಯಿಂದ ಕುಡಿಸುವುದು. ವಿಧಾನದ ಜೀವಾಳ ದ್ರಾವಣಕ್ಕಿಂತ ಹೆಚ್ಚಾಗಿ ಈ ಅಳತೆಯಲ್ಲಿತ್ತು. ಡ್ರಿಪ್‌ನ ಅಗತ್ಯ ಸುಮಾರು ಶೇ. 80ರಷ್ಟು ತಗ್ಗಿತು. ಇಂದು ನಮ್ಮ ಆಶಾ ಕಾರ್ಯಕರ್ತೆಯರ ಕೈಚೀಲದಲ್ಲಿರುವ ಓಆರ್‌ಎಸ್ ಪ್ಯಾಕೆಟ್ಟಿನ ಮೂಲ ಅಲ್ಲಿದೆ.

ಆದರೆ ಈ ಕೀರ್ತಿಯನ್ನು ಪೂರ್ತಿಯಾಗಿ ಡಾಲರಿಗೆ ಒಪ್ಪಿಸಲಾಗದು. ಕಲ್ಕತ್ತಾದ ವೈದ್ಯ ಹೇಮೇಂದ್ರನಾಥ ಚಟರ್ಜಿ ಬಾಯಿಂದ ದ್ರಾವಣ ಕೊಟ್ಟು 186 ರೋಗಿಗಳಿಗೆ ಚಿಕಿತ್ಸೆ ಮಾಡಿದ್ದನ್ನು 1953ರಲ್ಲೇ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ್ದರು. ದೇಹದಿಂದ ಹೋದ ನೀರು, ಒಳಗೆ ಬಂದ ನೀರು ಎಂಬ ಅಳತೆಯ ಲೆಕ್ಕ ಅದರಲ್ಲಿರಲಿಲ್ಲ, ಜಗತ್ತು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಅದೇ ನಗರದ ಶಂಭುನಾಥ ಡೇ ಕಾಲರಾದ ವಿಷವಸ್ತುವನ್ನು ಗುರುತಿಸಿ 1959ರಲ್ಲಿ ‘ನೇಚರ್’ನಲ್ಲಿ ಬರೆದರು, ಅವರ ಸಲಕರಣೆಗಳು ತೀರಾ ಸಾಧಾರಣ, ಮನ್ನಣೆ ಬಂದದ್ದು ಬಹಳ ತಡವಾಗಿ. ಬುದ್ಧಿಯ ಕೊರತೆ ಬಂಗಾಳದಲ್ಲಿರಲಿಲ್ಲ. ಇರದಿದ್ದದ್ದು ವರ್ಷಗಟ್ಟಲೆ ಅಳೆಯಲು ಬೇಕಾದ ಸಿಬ್ಬಂದಿ ಮತ್ತು ಸಂಬಳ. 1971ರ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ಪಶ್ಚಿಮ ಬಂಗಾಳದ ಗಡಿ ಊರಾದ ಬಂಗಾಂವ್‌ನ ನಿರಾಶ್ರಿತರ ನಡುವೆ ವೈದ್ಯ ದಿಲೀಪ್ ಮಹಲನಬೀಸ್ ಅವರ ತಂಡ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಿಸಿ ಇಸ್ತ್ರಿಯಿಂದ ಬಾಯಿ ಬೆಸೆದು ಹಂಚಿತು. ಅಲ್ಲಿ ಸಾವಿನ ಪ್ರಮಾಣ ಶೇ. 30ರ ಆಸುಪಾಸಿನಿಂದ ಶೇ. 3.6ಕ್ಕೆ ಇಳಿಯಿತು. ಅವರು ಕೆಲಸ ಮಾಡುತ್ತಿದ್ದದ್ದೂ ಅಮೆರಿಕದ ಸರ್ಕಾರಿ ಹಣದಿಂದ ನಡೆಯುತ್ತಿದ್ದ ಜಾನ್ಸ್ ಹಾಪ್‌ಕಿನ್ಸ್ ಕೇಂದ್ರದಲ್ಲಿ.

ಬಾಂಗ್ಲಾದೇಶ ಹುಟ್ಟಿದ ಮೇಲೆ ಪ್ರಯೋಗಾಲಯಕ್ಕೆ ಹೊಸ ಆಸರೆ ಬೇಕಾಯಿತು. 1977ರಲ್ಲಿ ಸೀಟೊ ಬಾಗಿಲು ಮುಚ್ಚಿತು. ಮರುವರ್ಷ ಬಾಂಗ್ಲಾದೇಶದ ಸುಗ್ರೀವಾಜ್ಞೆಯ ಮೂಲಕ ಪ್ರಯೋಗಾಲಯ ಅಂತರರಾಷ್ಟ್ರೀಯ ಅತಿಸಾರ ಸಂಶೋಧನಾ ಕೇಂದ್ರವಾಗಿ, ಹಲವು ದೇಶಗಳ ದೇಣಿಗೆಯ ಮೇಲೆ ನಿಂತಿತು. ಮತ್ಲಬ್‌ನ ದಾಖಲೆ ಮಾತ್ರ ಮುಂದುವರಿಯಿತು. ಕಾಲರಾಕ್ಕೆಂದು ಬರೆಯಲಾರಂಭಿಸಿದ ಲೆಕ್ಕವೇ 1977ರಿಂದ ಕುಟುಂಬ ಯೋಜನೆ ಮತ್ತು ತಾಯಿ-ಮಗುವಿನ ಆರೈಕೆಯ ಪರಿಣಾಮ ಅಳೆಯಲು ನೆರವಾಯಿತು. 1985ರಲ್ಲಿ ಬಾಯಿಂದ ಕೊಡುವ ಕಾಲರಾ ಲಸಿಕೆಗಳನ್ನು 60,000ಕ್ಕೂ ಹೆಚ್ಚು ಮಹಿಳೆಯರು ಮತ್ತು ಮಕ್ಕಳಲ್ಲಿ ಪರೀಕ್ಷಿಸಲು ಅದೇ ಆಧಾರ. ಕುಟುಂಬ ಯೋಜನೆ ಮತ್ತು ತಾಯಿ-ಮಗುವಿನ ಆರೈಕೆಯ ಆ ಪ್ರಯೋಗದ ಬಗ್ಗೆ ಒಂದು ತಕರಾರೂ ಇದೆ: ಅರ್ಧ ಹಳ್ಳಿಗಳಿಗೆ ವಿಶೇಷ ಸೇವೆ, ಉಳಿದರ್ಧ ಹೋಲಿಕೆಗೆ. ಸೇವೆ ಸಿಗದ ಊರಿನ ತಾಯಿಗೆ ಈ ಏರ್ಪಾಡಿನಿಂದ ಆದ ಲಾಭವೇನು ಎಂಬ ಪ್ರಶ್ನೆಗೆ, ಅಲ್ಲಿಯೂ ಸರ್ಕಾರದ ಮಾಮೂಲಿ ಸೇವೆಯಿತ್ತು ಎಂಬ ಉತ್ತರ ನನಗೆ ಸಾಲದು.

ಒಟ್ಟು ಚಿತ್ರದಲ್ಲಿ ಈ ಹಣ ಎಷ್ಟರದು? ಅಭಿವೃದ್ಧಿಗಾಗಿ ಆರೋಗ್ಯ ಸಂಶೋಧನಾ ಆಯೋಗ 1990ರಲ್ಲಿ ಕೊಟ್ಟ ಲೆಕ್ಕದಂತೆ, 1986ರಲ್ಲಿ ಜಗತ್ತು ಆರೋಗ್ಯ ಸಂಶೋಧನೆಗೆ ಸುರಿದ 30 ಶತಕೋಟಿ ಡಾಲರಿನಲ್ಲಿ ಬಡ ದೇಶಗಳ ಸಮಸ್ಯೆಗಳಿಗೆ ಸಿಕ್ಕಿದ್ದು ಶೇ. 5ರಷ್ಟು. ಆ ಪುಟ್ಟ ಪಾಲಿನೊಳಗೂ ದಾನಿಗಳ ಒಲವು ಎರಡು-ಮೂರು ವರ್ಷದಲ್ಲಿ ಮುಗಿಯುವ ಯೋಜನೆಗಳ ಕಡೆಗೆ. ಮನೆಮನೆ ತಿರುಗಿ ಹುಟ್ಟು-ಸಾವು ಬರೆಯುವವರ ಸಂಬಳಕ್ಕೆ ಸಹಿ ಹಾಕುವಾಗ ಕೈ ಹಿಂದೇಟು ಹಾಕುತ್ತದೆ. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನು ಮುಚ್ಚಿದಾಗ ಈ ಪ್ರಶ್ನೆ ಮತ್ತೆ ಎದುರಾಯಿತು. ಲಸಿಕೆಯ ಪರೀಕ್ಷೆಯನ್ನು ಒಂದು ವರ್ಷ ಮುಂದೂಡಬಹುದು. ದಾಖಲೆ ನಿಂತ ವರ್ಷದ ಹುಟ್ಟು-ಸಾವುಗಳನ್ನು ಅದೇ ನಿಖರತೆಯಲ್ಲಿ ಆಮೇಲೆ ಬರೆದು ತುಂಬಿಸಲು ಬರುವುದಿಲ್ಲ.